ಉಡಿ ಅಕ್ಕಿ ಹೊತ್ತು ಸಮುದ್ರಕ್ಕೆ

ಮದುವೆಯಾಗಿ ತಿಂಗಳುಗಳು ಕಳೆದಿದ್ದರೂ ಗಂಡನ ಜೊತೆ ಹಗಲು ಹೊತ್ತಿನಲ್ಲಿ ಒಂದು ಮಾತನ್ನು ಪೂರ್ತಿ ಆಡಿ ಮುಗಿಸಿದ್ದು ನನಗೆ ನೆನಪಿಲ್ಲ. ಸವಣೂರಿನ ಆ ಮನೆಯಲ್ಲಿ ಮಂದಿ ಅಷ್ಟಿದ್ದರು. ನಾನು ಪಡಸಾಲೆಗೆ ಬಂದರೆ ಅವರು ಹಿತ್ತಿಲಿಗೆ ಹೋಗುತ್ತಿದ್ದರು; ಅವರು ಅಡುಗೆಮನೆಯ ಬಾಗಿಲಿಗೆ ಬಂದರೆ ನಾನು ಒಲೆಯ ಕಡೆ ಮುಖ ತಿರುಗಿಸುತ್ತಿದ್ದೆ. ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಆದರೂ ಇಬ್ಬರೂ ಚಾಚೂ ತಪ್ಪದೆ ಪಾಲಿಸುತ್ತಿದ್ದೆವು. ನಾನು ಕಟ್ಟಿಕೊಂಡದ್ದು ಗಂಡನನ್ನೋ, ಗೂಟಕ್ಕೆ ನೇತುಹಾಕಿದ ಅವರ ಅಂಗಿಯನ್ನೋ ಎಂದು ಒಮ್ಮೊಮ್ಮೆ ಸಿಟ್ಟು ನೆತ್ತಿಗೇರುತ್ತಿತ್ತು.

ಅವರು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರು. ಶಾಲೆಯ ಗೋಡೆಯ ಮೇಲೆ ದೊಡ್ಡದೊಂದು ಸಮುದ್ರ ಬರೆದಿದ್ದರು, ಹಡಗು, ಹಕ್ಕಿ, ಸೂರ್ಯ ಎಲ್ಲ ಇದ್ದವು. ಆದರೆ ಸಮುದ್ರವನ್ನು ಅವರು ಕಂಡಿರಲಿಲ್ಲ. ಶಾಲೆ ನೋಡಲು ಬಂದ ಸಾಹೇಬರೊಬ್ಬರು, "ಮಾಸ್ತರ, ಇದು ಬಟ್ಟಿಗೆ ಹಾಕೋ ನೀಲಿ ಅಲ್ಲೇನ್ರಿ?" ಎಂದು ಕೇಳಿ ನಕ್ಕು ಹೋದರಂತೆ. ಅವತ್ತಿನಿಂದ ಇವರಿಗೆ ಸಮುದ್ರದ ನಿಜವಾದ ಬಣ್ಣ ನೋಡಲೇಬೇಕು ಎಂಬ ಹುಚ್ಚು ಹಿಡಿಯಿತು. ನನ್ನ ಹುಚ್ಚು ಬೇರೆಯೇ ಇತ್ತು. ಇವರ ಫಟಫಟಿಯ ಹಿಂದೆ ಕುಳಿತು, ಸೊಂಟಕ್ಕೆ ಕೈ ಹಾಕಿ, ಯಾರ ಕಾಟವೂ ಇಲ್ಲದೆ ಬಾಯಿ ನೋಯುವಷ್ಟು ಮಾತಾಡಬೇಕು. ಸಮುದ್ರ ಸಿಕ್ಕರೂ ಸೈ, ಬಿಟ್ಟರೂ ಸೈ.

ಫಟಫಟಿಯನ್ನು ಅವರು ಒಬ್ಬ ನಿವೃತ್ತ ದನದ ಡಾಕ್ಟರರಿಂದ ಕೊಂಡಿದ್ದರು. ಆ ಡಾಕ್ಟರು ವರ್ಷಗಟ್ಟಲೆ ಅದರ ಮೇಲೆಯೇ ಹಳ್ಳಿ ಹಳ್ಳಿ ತಿರುಗಿ ಸೂಜಿ ಚುಚ್ಚಿದವರು. ಹೀಗಾಗಿ ನಮ್ಮ ಸೀಮೆಯ ದನಗಳಿಗೆಲ್ಲ ಆ ಗಾಡಿಯ ಸದ್ದಿನ ಗುರುತು ಚೆನ್ನಾಗಿತ್ತು. ಇವರು ಬರುವುದು ದೂರದಿಂದ ಕೇಳಿಸಿದರೆ ಸಾಕು, ಎಮ್ಮೆಗಳು ಬಾಲ ಎತ್ತಿಕೊಂಡು ಹೊಲಕ್ಕೆ ಬೀಳುತ್ತಿದ್ದವು, ದನ ಕಾಯುವವರು ಇವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಹಾರ್ನ್ ಬಾರಿಸುವ ಅಗತ್ಯ ಇವರಿಗೆ ಎಂದೂ ಬಿದ್ದಿರಲಿಲ್ಲ.

ಬೇಸಿಗೆ ರಜೆಯಲ್ಲಿ ಇವರು ಧೈರ್ಯ ಮಾಡಿ, ಇಬ್ಬರೂ ಸಮುದ್ರ ನೋಡಿ ಬರುತ್ತೇವೆ ಎಂದು ನನ್ನ ಅತ್ತೆಯವರನ್ನು ಕೇಳಿದರು. ಅತ್ತೆ ಶೇಂಗಾ ಸುಲಿಯುತ್ತಿದ್ದರು.

"ನೀರ ನೋಡಾಕ ಅಷ್ಟ ದೂರ ಯಾಕ ಹೋಗಬೇಕಪಾ? ನಮ್ಮೂರ ಮೋತಿ ತಲಾಬದಾಗ ನೀರಿಲ್ಲೇನು?"

"ಗೋಕರ್ಣಕ್ಕೂ ಹೋಗಿ ಬರ್ತೇವಿ ಬೇ," ಎಂದರು ಇವರು.

ದೇವರ ಹೆಸರು ಬಂದ ಮೇಲೆ ಅತ್ತೆ ಒಪ್ಪಿದರು. ಆದರೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. "ನೋಡವಾ, ಹಾದ್ಯಾಗ ನಮ್ಮ ಮಂದಿ ಮನಿ ಅದಾವು. ಬಾಗಲಾ ದಾಟಿ ಹಂಗ ಮುಂದ ಹೋಗಬ್ಯಾಡ್ರಿ, ಕೆಟ್ಟ ಹೆಸರ ಬರತೈತಿ. ನೀ ಹೊಸ ಸೊಸಿ, ಎಲ್ಲಾರೂ ಉಡಿ ತುಂಬತಾರ. ಉಡಿ ಅಕ್ಕಿ ಮಂದಿಗೆ ಕೊಡಬ್ಯಾಡ, ಚೆಲ್ಲಬ್ಯಾಡ. ಮನಿಗೆ ತಂದು, ಅಟ್ಟು, ನೀವಿಬ್ಬರೂ ಉಣಬೇಕು." ನಾನು ತಲೆಯಾಡಿಸಿದೆ. ಹೊರಡಲು ಅನುಮತಿ ಸಿಕ್ಕ ಸಂತೋಷದಲ್ಲಿ ಅವರು ಏನು ಹೇಳಿದ್ದರೂ ತಲೆಯಾಡಿಸುತ್ತಿದ್ದೆ.

ಸವಣೂರು ಬಿಟ್ಟು ಊರ ಹೊರಗೆ ಬಂದಾಗ ಅವರ ಸೊಂಟಕ್ಕೆ ಕೈ ಹಾಕಿದೆ. ಅವರ ಕಿವಿ ಕೆಂಪಾಯಿತು. ಮಾತೊಂದು ಬಾಯಿಗೆ ಬರುವಷ್ಟರಲ್ಲಿ ಶಿಗ್ಗಾಂವಿ ಬಂತು. ಅಲ್ಲಿ ಇವರ ಸೋದರತ್ತೆಯ ಮನೆ. ಊಟ ಹಾಕಿದರು, ಮಣೆಯ ಮೇಲೆ ಕೂರಿಸಿದರು, ಅರಿಶಿನ ಕುಂಕುಮ ಹಚ್ಚಿ ಸೆರಗು ಒಡ್ಡಲು ಹೇಳಿದರು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಉತ್ತತ್ತಿ, ಅಡಿಕೆ, ಎಲೆ, ಮೇಲೊಂದು ಕುಪ್ಪಸದ ಖಣ. ನಾನು ಎದ್ದು ನಿಂತಾಗ ಏಳು ತಿಂಗಳ ಬಸುರಿಯ ಹಾಗೆ ಕಾಣುತ್ತಿದ್ದೆ. ಅದನ್ನೆಲ್ಲ ಒಂದು ಚೀಲಕ್ಕೆ ಹಾಕಿದೆವು.

ಚೀಲವನ್ನು ಎಲ್ಲಿಡುವುದು? ಪಕ್ಕಕ್ಕೆ ಇಳಿಬಿಡಲು ಇವರು ಹೋದರೆ ಸೋದರತ್ತೆ ತಡೆದರು. ಉಡಿ ತುಂಬಿದ್ದಕ್ಕೆ ಕಾಲು ತಾಗಬಾರದು. ಹಿಂದೆ ಕಟ್ಟುವುದೇ? ಉಡಿ ತುಂಬಿಸಿಕೊಂಡವಳು ಅದಕ್ಕೆ ಬೆನ್ನು ಮಾಡಿ ಕೂರಬಾರದು. ಪೆಟ್ರೋಲ್ ಟಾಕಿಯ ಮೇಲೆ ಇಟ್ಟರೆ ಗಂಡಸರ ತೊಡೆಗೆ ತಾಗುತ್ತದೆ, ಅದಂತೂ ಬೇಡವೇ ಬೇಡ. ಹೀಗೆ ಎಲ್ಲ ಜಾಗಗಳೂ ತಪ್ಪಾಗಿ ಕೊನೆಗೆ ಉಳಿದದ್ದು ಒಂದೇ ಜಾಗ, ಗಂಡ ಹೆಂಡತಿಯ ನಡುವೆ. ಅಲ್ಲಿ ಇಡಲು ಯಾರ ಆಕ್ಷೇಪವೂ ಇರಲಿಲ್ಲ.

ಹಾನಗಲ್ಲಿನಲ್ಲಿ ನನ್ನ ಅಕ್ಕನ ಮನೆ. ಅಕ್ಕ ಒಬ್ಬಳೇ ಉಡಿ ತುಂಬಿದ್ದರೆ ಸಹಿಸಬಹುದಿತ್ತು. ಹೊಸದಾಗಿ ಮದುವೆಯಾದ ತಂಗಿ ಬಂದಿದ್ದಾಳೆಂದು ಓಣಿಯ ಹೆಂಗಸರನ್ನೆಲ್ಲ ಕರೆದಳು. ಭತ್ತದ ಊರು ಅದು, ಅಕ್ಕಿಗೆ ಯಾರೂ ಕೈ ಬಿಗಿ ಹಿಡಿಯಲಿಲ್ಲ. ಮರುದಿನ ಶಿರಸಿಯ ದಾರಿ ಹಿಡಿಯಬೇಕು ಎನ್ನುವಾಗ ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಇಲ್ಲಿತನಕ ಬಂದು ಅವ್ವನ್ನ ನೋಡದ ಹೋಗ್ತೀಯೇನು? ಅಕಿ ಎದಿ ಒಡಕೊಂಡ ಸಾಯ್ತಾಳ."

ಅವ್ವ ಇದ್ದದ್ದು ಚಿಕ್ಕೇರೂರಿನಲ್ಲಿ. ಸಮುದ್ರ ಇದ್ದದ್ದು ಪಶ್ಚಿಮಕ್ಕೆ. ನಾವು ಸಮುದ್ರಕ್ಕೆ ಬೆನ್ನು ಹಾಕಿ ತವರಿಗೆ ಹೊರಟೆವು. ಅವ್ವ ಕಣ್ಣೀರು ಹಾಕುತ್ತಲೇ ಉಡಿ ತುಂಬಿದಳು. ಅಷ್ಟರಲ್ಲಿ ಹಿರೇಕೆರೂರಿನಿಂದ ನನ್ನ ಸೋದರಮಾವನ ಹೆಂಡತಿ ಬಸ್ಸಿಳಿದು ಬಂದರು. ನಾವು ಅವರ ಮನೆಗೆ ಬರದೆ ತಪ್ಪಿಸಿಕೊಳ್ಳುತ್ತೇವೆ ಎಂಬ ಗುಮಾನಿ ಅವರಿಗೆ ಬಂದಿತ್ತು. ಮಣೆಯನ್ನೂ ತಮ್ಮ ಮನೆಯಿಂದಲೇ ಹೊತ್ತು ತಂದಿದ್ದರು, ಉಡಿ ತಮ್ಮ ಮನೆಯ ಲೆಕ್ಕಕ್ಕೇ ಸೇರಲಿ ಎಂದು. ಅವ್ವ ಎಲ್ಲವನ್ನೂ ಒಂದು ಗೊಬ್ಬರದ ಚೀಲಕ್ಕೆ ಸುರಿದು ದಬ್ಬಣದಿಂದ ಬಾಯಿ ಹೊಲಿದಳು. ಆ ಚೀಲವನ್ನು ಸೀಟಿನ ಮೇಲೆ ಇಟ್ಟಾಗ ನನಗೆ ಉಳಿದದ್ದು ಒಂದು ಗೇಣು ಜಾಗ. ಗಂಡನನ್ನು ಹಿಡಿಯುವ ಮಾತು ಹಾಗಿರಲಿ, ಅವರ ತಲೆ ಕೂಡ ನನಗೆ ಕಾಣುತ್ತಿರಲಿಲ್ಲ.

ಶಿರಸಿ ದಾಟಿ ಘಟ್ಟ ಇಳಿಯುವಾಗ ನಾನು ಆ ಚೀಲವನ್ನು ತಬ್ಬಿಕೊಂಡು ಕೂತಿದ್ದೆ. ತಿರುವಿನಲ್ಲಿ ತೆಂಗಿನಕಾಯಿಗಳು ಉರುಳಿ ಅವರ ಬೆನ್ನಿಗೆ ಗುದ್ದುತ್ತಿದ್ದವು. ನಾನೇ ಗುದ್ದುತ್ತಿದ್ದೇನೆ ಎಂದು ತಿಳಿದು ಅವರು ಪ್ರತಿ ಸಲವೂ ಗಾಡಿ ನಿಲ್ಲಿಸಿ, "ಏನಾತು?" ಎಂದು ಕೇಳುತ್ತಿದ್ದರು. "ನಾ ಅಲ್ರಿ, ಕಾಯಿ," ಎಂದು ನಾನು ಕೂಗುತ್ತಿದ್ದೆ. ಅಷ್ಟು ದಿನ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಹೊರಬಿದ್ದದ್ದು ಇದೊಂದೇ.

ಕುಮಟೆಯ ಹತ್ತಿರ ಸಮುದ್ರ ಕಂಡಿತು. ಇವರು ಗಾಡಿಯಿಂದಿಳಿದು ದಂಡೆಯವರೆಗೆ ನಡೆದು ಹೋದರು. ಮೋಡ ಕವಿದ ಮಧ್ಯಾಹ್ನ. ಬೊಗಸೆಯಲ್ಲಿ ನೀರೆತ್ತಿ ನೋಡಿ ತಿರುಗಿ ಬಂದರು, ಮುಖ ಸಪ್ಪಗಾಗಿತ್ತು.

"ಬೂದಿ ಬಣ್ಣ ಐತಿ," ಎಂದರು. "ಗ್ವಾಡಿ ಎಲ್ಲಾ ಮತ್ತ ಬಳೀಬೇಕು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನೂ ನೀರಿಗೆ ಕಾಲಿಡಬೇಕೆಂದು ಹೊರಟರೆ ಚೀಲವನ್ನು ಕಾಯುವವರು ಯಾರು? ಒಬ್ಬರು ಚೀಲದ ಹತ್ತಿರ, ಒಬ್ಬರು ನೀರಿನ ಹತ್ತಿರ, ಸರದಿಯ ಮೇಲೆ ಸಮುದ್ರ ನೋಡಿದೆವು.

ರಾತ್ರಿ ಉಳಿಯಲು ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಸಿಕ್ಕಿತು. ಮನೆಯ ಸುತ್ತ ತೆಂಗಿನ ಮರಗಳು, ಜಗಲಿಯ ತುಂಬ ತೆಂಗಿನಕಾಯಿಯ ರಾಶಿ. ನಮ್ಮ ಚೀಲವನ್ನು ಮುಟ್ಟಿ ನೋಡಿದ ಅಜ್ಜಿಗೆ ನಂಬಿಕೆಯೇ ಬರಲಿಲ್ಲ. "ಇಲ್ಲಿಗೆ ತೆಂಗಿನಕಾಯಿ ತಂದ್ರಾ? ಘಟ್ಟ ಇಳಿಸಿ?" ಎಂದು ಕೇಳಿ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಬೆಳಿಗ್ಗೆ ಹೊರಡುವಾಗ ನನ್ನನ್ನು ಒಳಗೆ ಕರೆದು, ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ಕುಂಕುಮ ಹಚ್ಚಿ, ನನ್ನ ಸೆರಗಿಗೆ ಅಕ್ಕಿಯನ್ನೂ ದೊಡ್ಡದೊಂದು ತೆಂಗಿನಕಾಯಿಯನ್ನೂ ಹಾಕಿದರು.

ಆ ಕಾಯಿ ಹಿಡಿದುಕೊಂಡು ಹೊರಗೆ ಬಂದವಳೇ ಅಳುತ್ತ ಕೂತುಬಿಟ್ಟೆ. ಇವರು ಗಾಬರಿಯಾದರು.

"ಯಾಕ ಅಳಾಕತ್ತಿ? ಅವ್ವನ ನೆನಪಾತೇನು?"

"ಯಾರ ನೆನಪೂ ಆಗಿಲ್ರಿ. ಎಲ್ಲಾರೂ ಈ ಚೀಲದಾಗ ಅದಾರ. ನಿಮ್ಮ ಅತ್ತಿ, ನಮ್ಮ ಅಕ್ಕ, ಅಕಿ ಓಣಿ, ಎಲ್ಲಾರೂ ನಮ್ಮಿಬ್ಬರ ನಡಕ ಕುಂತಾರ. ನಾ ನಿಮ್ಮ ಕೂಡ ಬಂದೇನೋ, ಅಕ್ಕಿ ಕೂಡ ಬಂದೇನೋ?"

ಅವರು ಚೀಲದ ಹೊಲಿದ ಬಾಯಿಯನ್ನು ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ, "ಮತ್ತೇನ ಮಾಡೂಣು? ಮನಿಗೆ ಒಯ್ದು ಅಟ್ಟು ಉಣಬೇಕಂದಾಳ ನಮ್ಮವ್ವ," ಎಂದರು.

"ನಾವಿಬ್ಬರೂ ಎಲ್ಲೆ ಅಟ್ಟು ಉಣ್ತೇವಿ, ಅದ ನಮ್ಮ ಮನಿ. ನಡೀರಿ, ಬೋಗುಣಿ ತರೂಣು."

ಎಲ್ಲಿಂದ ಬಂತೋ ಆ ಧೈರ್ಯ, ನನಗೆ ಗೊತ್ತಿಲ್ಲ. ಅವರು ಒಮ್ಮೆ ಹಿಂದೆ ತಿರುಗಿ ನೋಡಿದರು, ತೆಂಗಿನ ಮರದ ಮರೆಯಲ್ಲಿ ಅವರ ಅವ್ವ ನಿಂತಿರಬಹುದು ಎನ್ನುವಂತೆ. ಯಾರೂ ಇರಲಿಲ್ಲ. ಕುಮಟೆಯ ಪೇಟೆಯಲ್ಲಿ ಒಂದು ಅಲ್ಯೂಮಿನಿಯಮ್ ಬೋಗುಣಿ, ಎರಡು ತಟ್ಟೆ ಕೊಂಡೆವು.

ಅಲ್ಲಿಂದ ಮುಂದೆ ನಮ್ಮ ಪ್ರವಾಸದ ಉದ್ದೇಶವೇ ಬದಲಾಯಿತು. ಅತ್ತೆಗೆ ಹೇಳಿದ್ದ ಗೋಕರ್ಣ ಹಿಂದೆಯೇ ಉಳಿಯಿತು. ಜನ ದೇವಸ್ಥಾನ ನೋಡುತ್ತಾರೆ, ಕೋಟೆ ನೋಡುತ್ತಾರೆ. ನಾವು ಮೂರು ಕಲ್ಲು ಸಿಗುವ ಜಾಗ ನೋಡುತ್ತಿದ್ದೆವು. ದಂಡೆ ಕಂಡರೆ ಇಳಿಯುವುದು, ಗಾಳಿಮರದ ಕೆಳಗೆ ಒಲೆ ಹೂಡುವುದು, ಉಣ್ಣುವುದು, ಮತ್ತೆ ಹೊರಡುವುದು. ಅನ್ನ ಕಾಯಿ, ಅನ್ನ ಬೆಲ್ಲ, ಬೆಲ್ಲ ಕಾಯಿ. ಹೊನ್ನಾವರ ದಾಟುವ ಹೊತ್ತಿಗೆ ಇವರು ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದರು. "ಇನ್ನೊಂದ ತುತ್ತು ಉಣ್ರಿ," ಎಂದು ನಾನು ತಟ್ಟೆಗೆ ಸುರಿಯುತ್ತಿದ್ದೆ. ಗಂಡನ ಮೇಲಿನ ಪ್ರೀತಿಯಿಂದ ಅಲ್ಲ, ಚೀಲದ ಮೇಲಿನ ಹಗೆಯಿಂದ. ಒಂದೊಂದು ಊಟಕ್ಕೂ ನಾನು ಒಂದಿಷ್ಟು ಮುಂದೆ ಸರಿಯುತ್ತಿದ್ದೆ. ಮೊದಲು ಅವರ ತಲೆ ಕಂಡಿತು, ಆಮೇಲೆ ಕತ್ತು, ಕೊನೆಗೆ ಹೆಗಲು.

ಕರಾವಳಿಯ ದನಗಳಿಗೆ ನಮ್ಮ ಫಟಫಟಿಯ ಗುರುತಿರಲಿಲ್ಲ. ರಸ್ತೆಯ ನಡುವೆ ಮಲಗಿ ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿದ್ದವು. ಹಾರ್ನ್ ಬಾರಿಸಬೇಕೆಂಬುದು ಇವರಿಗೆ ಹೊಳೆಯದೆ, ಇಳಿದು ಹೋಗಿ, "ಏಳವಾ, ದಾರಿ ಬಿಡು," ಎಂದು ಆಕಳುಗಳಿಗೆ ಕೈ ಮುಗಿಯುತ್ತಿದ್ದರು. ನಾನು ಬೋಗುಣಿ ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದೆ.

ರಜೆ ಮುಗಿಯುತ್ತ ಬಂದಾಗ, ಭಟ್ಕಳದ ಆಚೆ ಒಂದು ದಂಡೆಯಲ್ಲಿ ಅಕ್ಕಿಯ ಕೊನೆಯ ಹಿಡಿ ಮುಗಿಯಿತು. ಖಾಲಿ ಚೀಲವನ್ನು ಜಾಡಿಸಿ ಮಡಿಚಿಟ್ಟೆ. ಗಾಡಿಗೆ ಹತ್ತಿದಾಗ, ಅಷ್ಟು ದಿನ ಕಾದದ್ದು ಎದುರಿಗೇ ಇದ್ದರೂ ನನಗೆ ನಾಚಿಕೆಯಾಯಿತು. ಚೀಲವಿದ್ದ ಜಾಗ ಬಿಟ್ಟು ಹಿಂದೆಯೇ ಕುಳಿತೆ. ಅವರು ಸ್ವಲ್ಪ ದೂರ ಹೋಗಿ ಗಾಡಿ ನಿಧಾನ ಮಾಡಿದರು.

"ಗಾಡಿ ಭಾಳ ಹೊಯ್ದಾಡಾಕತ್ತೈತಿ," ಎಂದರು, ಮುಂದೆ ನೋಡುತ್ತಲೇ. "ನಡಕ ಭಾರ ಇಲ್ಲ ನೋಡು. ಒಂದೀಟ ಮುಂದ ಸರಿ."

ನಾನು ಸರಿದೆ. ಬಲಗಡೆ ಸಮುದ್ರವಿದ್ದದ್ದು, ಬಿಸಿಲಿನಲ್ಲಿ ಅದು ನೀಲಿಯಾಗಿದ್ದದ್ದು ಇಬ್ಬರಿಗೂ ಗಮನಕ್ಕೆ ಬರಲಿಲ್ಲ. ಬಾಯಿ ನೋಯುವಷ್ಟು ಮಾತಾಡಿದೆವು. ಏನು ಮಾತಾಡಿದೆವೆಂದು ಕೇಳಿದರೆ ಒಂದೂ ನೆನಪಿಲ್ಲ. ನನಗೆ ಜೀವ ಹಗುರಾಗಿತ್ತು.

ತಿರುಗಿ ಬರುವಾಗ ಘಟ್ಟ ಹತ್ತಿ ಶಿರಸಿ ದಾಟಿ ಹಾನಗಲ್ಲಿಗೆ ಬಂದೆವು. ಅಕ್ಕನ ಮನೆ ದಾರಿಗೇ ಇತ್ತು. ಅವಳು ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ಗಾಡಿಯ ಸದ್ದು ಕೇಳಿ ಎದ್ದು ನಿಂತಳು. ಮೊರದಲ್ಲಿ ಅಕ್ಕಿ ಇತ್ತು. ಅದನ್ನು ಕಂಡು ನನ್ನ ಕೈ ತಾನಾಗಿಯೇ ಅವರ ಸೊಂಟದ ಸುತ್ತ ಬಿಗಿಯಾಯಿತು.

"ನಿಂದರಸಲೇನು?" ಎಂದರು ಅವರು.

"ನಡೀರಿ," ಎಂದೆ.

ಅಕ್ಕ ಹೆಸರು ಹಿಡಿದು ಕೂಗಿದಳು. ನಾವು ಅವಳ ಬಾಗಿಲು ದಾಟಿ ಹೋದೆವು. ಶಿಗ್ಗಾಂವಿಯಲ್ಲಿ ಸೋದರತ್ತೆಯ ಬಾಗಿಲನ್ನೂ ಹಾಗೆಯೇ ದಾಟಿದೆವು. ಅವರು ಕೈ ಎತ್ತಿದ್ದು ನನಗೆ ಕಂಡಿತು. ಸವಣೂರು ಮುಟ್ಟುವವರೆಗೆ ಗಾಡಿ ನಿಲ್ಲಿಸಲಿಲ್ಲ. ಮನೆಯಲ್ಲಿ ಬೈಗುಳದ ಮಳೆ ಸುರಿಯುವುದು ಖಚಿತ ಎಂದುಕೊಂಡಿದ್ದೆವು.

ಎರಡೂ ಊರಿನಿಂದ ಮರುದಿನವೇ ಬಸ್ಸಿನಲ್ಲಿ ಮಂದಿ ಬಂದರು. ಬೈಯಲು ಅಲ್ಲ, ನಾವು ಬದುಕಿದ್ದೇವೆಯೇ ಎಂದು ನೋಡಲು. ನಮ್ಮ ಪೈಕಿಯವರು ನೆಂಟರ ಬಾಗಿಲ ಮುಂದೆ ಬೇಕೆಂದೇ ನಿಲ್ಲದೆ ಹೋಗಬಹುದು ಎಂಬುದು ಒಬ್ಬರ ತಲೆಗೂ ಬಂದಿರಲಿಲ್ಲ. ಗಾಡಿಯ ಬ್ರೇಕು ಹೋಗಿತ್ತು ಎಂದು ಎಲ್ಲರೂ ತೀರ್ಮಾನಿಸಿದ್ದರು.

"ಪಾಪ, ಹುಡುಗಿ ಹೆದರಿ ಗಂಡನ್ನ ಎಷ್ಟ ಗಟ್ಟಿ ಹಿಡಕೊಂಡಿತ್ತು ಅಂತೀರಿ!" ಎಂದು ಅಕ್ಕ ಅತ್ತೆಯ ಮುಂದೆ ಕಣ್ಣು ಒರೆಸಿಕೊಂಡಳು. ಸೋದರತ್ತೆ ಹೌದೆಂದು ಸಾಕ್ಷಿ ಹೇಳಿದರು. ಆ ಗದ್ದಲದಲ್ಲಿ ಉಡಿ ಅಕ್ಕಿ ಎಲ್ಲಿ, ಗೋಕರ್ಣದ ಪ್ರಸಾದ ಎಲ್ಲಿ ಎಂದು ಅತ್ತೆಯೂ ಕೇಳಲಿಲ್ಲ. ನನ್ನ ತಲೆಯ ಸುತ್ತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮಿಸ್ತ್ರಿಯನ್ನು ಕರೆಸಿ ಬ್ರೇಕು ಬಿಚ್ಚಿಸಿದರು. ಇದರಲ್ಲಿ ಏನೂ ಕೆಟ್ಟಿಲ್ಲ ಎಂದ ಮಿಸ್ತ್ರಿಯನ್ನು ಅತ್ತೆ ಗದರಿಸಿ, ಎಲ್ಲ ಹೊಸದು ಹಾಕಿಸಿದರು.

ಮತ್ತೆ ದಿನಗಳು ಮೊದಲಿನ ಹಾಗೆಯೇ ಸಾಗಿದವು, ನಾನು ಪಡಸಾಲೆಗೆ ಬಂದರೆ ಅವರು ಹಿತ್ತಿಲಿಗೆ. ಒಂದು ಸಂಜೆ ಮನೆ ತುಂಬ ಬೀಗರಿದ್ದರು. ನಾನು ಎಲ್ಲರಿಗೂ ಚಹಾ ಕೊಡುತ್ತಿದ್ದೆ. ಅವರು ಅಂಗಳದಿಂದ ಒಳಗೆ ಬಂದು, ಅಷ್ಟು ಮಂದಿಯ ನಡುವೆ ನಿಂತು, ನನ್ನ ಮುಖವನ್ನೇ ನೇರವಾಗಿ ನೋಡಿ ಹೇಳಿದರು:

"ಗಾಡಿ ಬ್ರೇಕ್ ಮತ್ಯಾಕೋ ಸರಿ ಇಲ್ಲ ಅನಸ್ತೈತಿ. ಒಂದ ಸುತ್ತ ಹೋಗಿ ನೋಡಬೇಕು. ಹಿಂದ ಯಾರರ ಕುಂದ್ರಬೇಕಾಗತೈತಿ."

"ಹೋಗವಾ, ಗಟ್ಟಿ ಹಿಡಕೊಂಡು ಕುಂದರು," ಎಂದರು ಅತ್ತೆ. ನಾನು ಚಹಾದ ತಟ್ಟೆಯನ್ನು ಅಲ್ಲಿಯೇ ಇಟ್ಟು ಚಪ್ಪಲಿ ಮೆಟ್ಟಿಕೊಂಡೆ.