ಅಮೆಮಿಯಾ-ಸಾನ್ ಮತ್ತು ಅಯೋವಾದ ಹಂದಿಗಳು

ಅಮೆಮಿಯಾ-ಸಾನ್ ಜಪಾನಿನ ಯಮನಾಶಿ ಪ್ರಾಂತದ ತಮ್ಮ ಹಳ್ಳಿ ಬಿಟ್ಟು ಟೋಕಿಯೊಗೂ ಹೆಚ್ಚು ಹೋದವರಲ್ಲ. ಆದರೆ ಅಮೆರಿಕದ ಅಯೋವಾ ರಾಜ್ಯದ ಮಾತೆತ್ತಿದರೆ ಸಾಕು, ಬಾಯಿಗೆ ಬೀಗವೇ ಇಲ್ಲ. ಪೂರ್ವಕ್ಕೆ ಮಿಸಿಸಿಪಿ, ಪಶ್ಚಿಮಕ್ಕೆ ಮಿಸೌರಿ, ನಡುವೆ ಕಣ್ಣು ಹಾಯಿಸಿದಷ್ಟೂ ಮುಸುಕಿನ ಜೋಳ! ಅವರ ಮಹಡಿಯಲ್ಲಿ ಬಾಡಿಗೆಗಿದ್ದ ನಾನೂ ನನ್ನ ಗಂಡ ಜಯಂತನೂ ಕೇಳಿ ಕೇಳಿ ಸುಸ್ತಾಗಿದ್ದೆವು. ಮೊಟ್ಟೆಯನ್ನೂ ಮುಟ್ಟದ ನನಗೆ ಹಂದಿಯ ಪುರಾಣ ಬೇರೆ.

ಪುರಾಣ ಇಷ್ಟೇ. 1959ರ ಚಂಡಮಾರುತಗಳಲ್ಲಿ ಯಮನಾಶಿಯ ಹೊಲ, ಕೊಟ್ಟಿಗೆ ಎಲ್ಲ ಕೊಚ್ಚಿಹೋದವು. ಅದಕ್ಕೆ ಹದಿನಾಲ್ಕೇ ವರ್ಷಗಳ ಹಿಂದೆ ಯುದ್ಧದಲ್ಲಿ ಇಲ್ಲಿ ಬಾಂಬು ಸುರಿಸಿದ್ದ ದೇಶದಿಂದಲೇ, ಅಯೋವಾದ ರೈತರು ವಿಮಾನದಲ್ಲಿ ಹಂದಿಗಳನ್ನು ಕಳಿಸಿದರು. ಅವುಗಳ ಒಂದು ಮರಿ ಅಮೆಮಿಯಾರ ಅಪ್ಪನ ಪಾಲಿಗೆ ಬಂತು. ಅದರ ಸಂತತಿಯಿಂದಲೇ ಈ ಮನೆ ತಲೆಯೆತ್ತಿತು. ಸಾಯುವುದರೊಳಗೆ ಅಲ್ಲಿಗೆ ಹೋಗಿ ತಲೆಬಾಗಿ ಕೃತಜ್ಞತೆ ಹೇಳಬೇಕೆಂಬುದು ಅವರ ಒಂದೇ ಆಸೆ. 2020ರ ವಸಂತಕ್ಕೆ ಟಿಕೆಟ್ಟೂ ಆಗಿತ್ತು. ಕೊರೊನಾ ಬಂದು ವಿಮಾನಗಳೇ ನಿಂತುಹೋದವು.

ಪಾಪ ಅನ್ನಿಸಿತು. ಅಯೋವಾದಲ್ಲಿ ಹಂದಿ ಸಾಕುವ ಡೇಲ್ ಎಂಬವನನ್ನು ಹುಡುಕಿ ವಿಡಿಯೊ ಕರೆ ಮಾಡಿಸಿದೆ. ಅಮೆಮಿಯಾ-ಸಾನ್ ಕೋಟು ತೊಟ್ಟು ಕುಳಿತರು. ನೇರವಾಗಿ ವಿಷಯಕ್ಕೆ ಬರುವುದು ಇಲ್ಲಿ ಮರ್ಯಾದೆಯಲ್ಲ, ಮೊದಲು ಕ್ಷೇಮ ಸಮಾಚಾರ ಆಗಬೇಕು. "ನಿಮ್ಮ ಹಂದಿಗಳು ಆರೋಗ್ಯವೇ?" ಎಂದು ಕೇಳಿದರು. ಇಂಗ್ಲಿಷಿಗೆ ತಿರುಗಿಸಿದೆ.

ಡೇಲ್ ಹೇಳಿದ್ದು ಇದು. ಕೆಲಸಗಾರರಿಗೆ ಕೊರೊನಾ ತಗುಲಿ ಕಸಾಯಿಖಾನೆ ಮುಚ್ಚಿದೆ. ಬಲಿತ ಹಂದಿಗಳನ್ನು ಕೊಳ್ಳುವವರಿಲ್ಲ, ಹೊಸ ಮರಿಗಳಿಗೆ ಜಾಗವಿಲ್ಲ. ನಿನ್ನೆ ಎಲ್ಲವನ್ನೂ ಕೊಂದು ಹೂಳಿಸಿದನಂತೆ. ತಿನ್ನುವುದಕ್ಕಲ್ಲ, ಮಾರುವುದಕ್ಕಲ್ಲ, ಸುಮ್ಮನೆ! ಇದೆಂಥ ಲೋಕ? ಪಕ್ಕದಲ್ಲಿದ್ದ ಜಯಂತನತ್ತ ತಿರುಗಿದೆ.

"ಜಯಂತ್, ಇದನ್ನ ಇವರಿಗೆ ಹೇಗೆ ಹೇಳ್ಲೋ?"

"ಹೇಳ್ಬಿಡು ನೀರಜಾ. ಪಾಪ, ವೇಟ್ ಮಾಡ್ತಿದಾರೆ."

ಹೇಳಿದೆ. ಅಮೆಮಿಯಾ-ಸಾನ್ ಮುಖ ಬಿಳಿಚಿತು. ಡೇಲ್ ಟೊಪ್ಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ. ಕೊನೆಗೆ ಅಮೆಮಿಯಾ-ಸಾನ್, "ಎಲ್ಲಿ ಹೂಳಿದ್ದಾರೆ? ತೋರಿಸಲು ಹೇಳಿ" ಎಂದರು.

ಡೇಲ್ ಫೋನ್ ಹಿಡಿದು ಹೊರಗೆ ನಡೆದ. ಹೊಲದ ಅಂಚಿನಲ್ಲಿ ಹಸಿ ಮಣ್ಣಿನ ಉದ್ದನೆಯ ದಿಬ್ಬ ಕಾಣಿಸಿತು. ಅಮೆಮಿಯಾ-ಸಾನ್ ಕುರ್ಚಿಯಿಂದಿಳಿದು ಮಂಡಿಯೂರಿ, ಹಣೆ ಚಾಪೆಗೆ ತಾಗುವಂತೆ ಬಾಗಿದರು.

"ಅರಿಗಾತೋ" ಎಂದು ಆ ದಿಬ್ಬಕ್ಕೆ ಕೃತಜ್ಞತೆ ಹೇಳಿದರು. "ನಮ್ಮನ್ನು ಸಾಕಿದವರು ನೀವು."