ಹಾಡನ್ನು ಎಳೆಯುವವಳು

ನಾನು ಹಾಡನ್ನು ಎಳೆಯುತ್ತೇನೆ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಇನ್ನು ನಿಮ್ಮೊಬ್ಬರಿಗೆ ಮುಚ್ಚಿಟ್ಟು ಏನು ಮಾಡಲಿ? ಎಲ್ಲರೂ ಸಾಲು ಮುಗಿಸಿ ಬಾಯಿ ಮುಚ್ಚಿದ ಮೇಲೂ ನನ್ನ ದನಿ ಅಲ್ಲೇ ಓಡಾಡಿಕೊಂಡಿರುತ್ತದೆ. ವೃತ್ತಿಯಿಂದ ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹುಡುಗರ ಲೆಕ್ಕದಲ್ಲಿ ಒಂದು ಹೆಚ್ಚಾದರೆ ಕೆಂಪು ಪೆನ್ನು ತೆಗೆಯುತ್ತೇನೆ. ನನ್ನ ತಾಳದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಕಣ್ಣು ಮುಚ್ಚಿ ಭಕ್ತಿಯಲ್ಲಿ ಮೈಮರೆತವಳ ಹಾಗೆ ನಟಿಸುತ್ತೇನೆ.

ಗುರುವಾರ ಸಂಜೆ ಗಿರಿಜಕ್ಕನ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂಡಿ ಹಾಡುತ್ತೇವೆ. ಗಿರಿಜಕ್ಕನ ಯಜಮಾನರದು ಬಟ್ಟೆ ಅಂಗಡಿ. ಆದರೆ ಹಾರ್ಮೋನಿಯಂ ಪೇಟಿ ಆಕೆಯದೇ, ತವರಿನಿಂದ ತಂದದ್ದು. ನನ್ನ ಮಗ್ಗುಲಲ್ಲಿ ಕೂಡುವವಳು ಕೊಟ್ರಮ್ಮ. ಊರಿನ ಅರ್ಧ ಹೆಂಗಸರ ರವಿಕೆಗಳಿಗೆ ಗುಂಡಿ ಹಚ್ಚಿದ್ದಾಳೆ, ತನ್ನ ಬಾಯಿಗೊಂದು ಹಚ್ಚಿಕೊಳ್ಳಲು ಮರೆತಿದ್ದಾಳೆ. ಮನಸ್ಸಿಗೆ ಬಂದದ್ದನ್ನೆಲ್ಲ ಹಾಡಿದರೂ ಕೊನೆಗೆ ಮಾತ್ರ ಯಾವಾಗಲೂ ಒಂದೇ ಪದ. ನಾಲ್ಕೇ ಸಾಲು, ಭೈರವಿ ರಾಗ, ಎಲ್ಲರೂ ಒಟ್ಟಿಗೆ ಹಾಡಬೇಕಾದದ್ದು. ಕೂಡಿದ್ದು ಒಳ್ಳೆಯದಾಯಿತು, ಇನ್ನು ಎಲ್ಲರೂ ಸುಖವಾಗಿ ಮನೆ ಸೇರಿರಿ ಎಂಬಷ್ಟೇ ಅದರ ಅರ್ಥ. ಗಿರಿಜಕ್ಕನ ತಾಯಿ ಹಾಡುತ್ತಿದ್ದರಂತೆ; ಯಾರು ಕಟ್ಟಿದ್ದೋ ಯಾರಿಗೂ ಗೊತ್ತಿಲ್ಲ.

ನಮ್ಮ ಕಡೆ ಶ್ರುತಿಗೆ ಬಣ್ಣವಿದೆ. ಬಿಳಿ ಐದು, ಕರಿ ಒಂದು ಎಂದು ಹಾರ್ಮೋನಿಯಂ ಮನೆಗಳ ಹೆಸರಿನಲ್ಲೇ ಹೇಳುವುದು. ಮೊದಲು ನಾವು ಬಿಳಿ ಐದಕ್ಕೆ ಹಾಡುತ್ತಿದ್ದೆವು. ಈಗ ಬಿಳಿ ನಾಲ್ಕಕ್ಕೆ ಇಳಿದಿದ್ದೇವೆ. ವಯಸ್ಸಾಯಿತು ಎಂದು ಯಾರಾದರೂ ಬಾಯಿ ಬಿಟ್ಟರೆ ಗಿರಿಜಕ್ಕ ಸುಮ್ಮನಿರುವುದಿಲ್ಲ. “ನಮ್ಮ ದನಿ ಎಲ್ಲಿ ಇಳದೈತಿ? ಈ ಪೇಟೀನ ಏರೈತಿ” ಎನ್ನುತ್ತಾಳೆ. ವಾದದಲ್ಲಿ ಸೋಲದವರ ಮುಂದೆ ಗಣಿತ ಏನು ಮಾಡೀತು! ನನಗಂತೂ ನಾಲ್ಕು ಹಿತ. ಅಲ್ಲಿ ಉಸಿರು ಹೆಚ್ಚು ಹೊತ್ತು ನಿಲ್ಲುತ್ತದೆ, ಎಳೆಯಲು ಅನುಕೂಲ.

ಏಕೆ ಎಳೆಯುತ್ತೇನೆ ಎಂದು ಕೇಳಿದರೆ ನೇರವಾಗಿ ಹೇಳುತ್ತೇನೆ: ಆ ಪದ ಮುಗಿದರೆ ಎಲ್ಲರೂ ಏಳುತ್ತಾರೆ. ಒಬ್ಬಳು ರೊಟ್ಟಿ ತಟ್ಟಬೇಕು, ಒಬ್ಬಳು ಮೊಮ್ಮಗಳ ಹೋಮ್‌ವರ್ಕ್ ಮಾಡಿಸಬೇಕು. ನಾನು ಮದುವೆಯಾಗಲಿಲ್ಲ. ಅದಕ್ಕೆ ಕಥೆ ಬರೆಯುವಂಥ ಕಾರಣವೇನೂ ಇಲ್ಲ, ಆಗಲಿಲ್ಲ ಅಷ್ಟೇ. ನಮ್ಮ ಹಳ್ಳಿ ಹಲವಾಗಲಿನಿಂದ ಕರೆತಂದು ಜೊತೆಯಲ್ಲಿಟ್ಟುಕೊಂಡಿದ್ದ ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ದನಿಯೆತ್ತುವುದು ಕುಕ್ಕರ್ ಒಂದೇ. ಅದು ಕೂಗಿದರೆ “ಬಂದೆ ತಡಿಯವ್ವಾ” ಎನ್ನುತ್ತೇನೆ. ಹಾಗೆಂದ ಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಕಿಟಕಿಯತ್ತ ನೋಡುತ್ತೇನೆ. ಶನಿವಾರ, ಭಾನುವಾರ ಹೇಗೋ ಕಳೆಯುತ್ತವೆ. ಗುರುವಾರದ ಹಾಡು ಮುಗಿದ ಮೇಲಿನ ಆ ಸಂಜೆ ಮಾತ್ರ ಬಹಳ ಕಷ್ಟ. ಸುಖವಾಗಿ ಮನೆ ಸೇರಿರಿ ಎಂಬ ಸಾಲಿಗೆ ಉಳಿದವರ ಮುಖ ಅರಳುತ್ತದೆ. ನಾನು ಆ ಸಾಲನ್ನೇ ಎಲ್ಲಕ್ಕಿಂತ ಹೆಚ್ಚು ಎಳೆಯುತ್ತೇನೆ. ಭಾವ ಹಾಡಿನಲ್ಲಿರುತ್ತದೆ ಎಂದು ಸಂಗೀತಗಾರರು ಹೇಳುತ್ತಾರೆ. ನನಗೇಕೋ ಅದು ಹಾಡು ಮುಗಿದ ಮೇಲೆ ಯಾರು ಎಲ್ಲಿಗೆ ಹೋಗಬೇಕು ಎಂಬುದರಲ್ಲಿದೆ ಅನ್ನಿಸುತ್ತದೆ.

ನನ್ನ ಪಕ್ಷ ವಹಿಸಲು ನಿಘಂಟನ್ನೂ ತೆರೆದು ನೋಡಿದ್ದೇನೆ. ಹಾಡಿನ ವೇಗಕ್ಕೆ ಲಯ ಎನ್ನುತ್ತೇವೆ, ಇಲ್ಲವಾಗುವುದಕ್ಕೂ ಲಯ ಎನ್ನುತ್ತೇವೆ. ಈ ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಟ್ಟ ಹಿರಿಯರು ನನ್ನಂಥ ಯಾರನ್ನೋ ನೋಡಿಯೇ ಇರಬೇಕು. ವಿಳಂಬದ ಮಾತು ಇನ್ನೂ ಚೆಂದ. ಸಂಗೀತದಲ್ಲಿ ನಿಧಾನಗತಿಯ ವಿಳಂಬ ದೊಡ್ಡ ವಿದ್ಯೆ, ದೊಡ್ಡವರಿಗಷ್ಟೇ ದಕ್ಕುವಂಥದ್ದು. ಸರಕಾರಿ ಕಚೇರಿಯಲ್ಲಿ ಮಾತ್ರ ವಿಳಂಬಕ್ಕೆ ಕಾರಣ ಕೇಳಿ ನೋಟಿಸು ಬರುತ್ತದೆ. ನನಗೂ ಒಂದು ದಿನ ನೋಟಿಸು ಬಂತು, ಹಗರಿಬೊಮ್ಮನಹಳ್ಳಿಯಲ್ಲಿ.

ಅಲ್ಲೊಂದು ಮಹಿಳಾ ಸಮೂಹ ಗಾಯನ ಸ್ಪರ್ಧೆ ಇತ್ತು. ಒಂದೇ ಬಣ್ಣದ ಸೀರೆಯುಟ್ಟು, ಪೇಟಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಹೋದೆವು. ನಮ್ಮ ನಾಲ್ಕು ಸಾಲು ಹಾಡಿದೆವು. ಬಹುಮಾನ ಬೇರೆಯವರಿಗೆ ಹೋಯಿತು. ಆಮೇಲೆ ತೀರ್ಪುಗಾರರು, ವಯಸ್ಸಿನಲ್ಲಿ ಚಿಕ್ಕವರು, ಬಹಳ ಮರ್ಯಾದಸ್ಥರು, ತಾವಾಗಿಯೇ ಬಂದು ಹೇಳಿದರು: “ಶ್ರುತಿ ಚಲೋ ಇತ್ತಮ್ಮಾ, ಭಾವಾನೂ ಇತ್ತು. ಟೆಂಪೊ ಮಾತ್ರ ಸರಿ ಇಲ್ಲ.”

ಕೊಟ್ರಮ್ಮ ತಡಮಾಡಲಿಲ್ಲ. “ಟೆಂಪೊ ಎಲ್ಲಿ ಮಾಡೀವ್ರಿ ಸರ, ಬಸ್ಸಿಗೆ ಬಂದೀವಿ!”

ಎಲ್ಲರೂ ನಕ್ಕರು, ತೀರ್ಪುಗಾರರೂ ನಕ್ಕರು. ನಗು ಇಳಿದ ಮೇಲೆ ಅವರು ಬಿಡಿಸಿ ಹೇಳಿದರು. ಟೆಂಪೊ ಎಂದರೆ ಹಾಡಿನ ನಡೆ. ನಿಮ್ಮಲ್ಲಿ ಒಂದು ದನಿ ಪ್ರತಿ ಸಾಲಿಗೂ ಹಿಂದೆ ಉಳಿಯುತ್ತದೆ, ಅದಕ್ಕಾಗಿ ಉಳಿದವರು ಕಾಯಬೇಕಾಗುತ್ತದೆ ಎಂದರು. ಯಾರ ದನಿ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನಮ್ಮವರೆಲ್ಲ ಒಮ್ಮೆಗೇ ನನ್ನತ್ತ ತಿರುಗಿದ್ದರು.

ತಿರುಗಿ ಬರುವಾಗ ಮಂಡಕ್ಕಿ ಮಿರ್ಚಿಯ ಪೊಟ್ಟಣ ಬಸ್ಸಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಗಿರಿಜಕ್ಕ ನನ್ನ ಸೆರಗಿಗೊಂದಿಷ್ಟು ಮಂಡಕ್ಕಿ ಸುರಿದು, “ಮುಂದ ಹಡಗಲಿಯಾಗ ಸ್ಪರ್ಧಾ ಐತಂತ. ಅಷ್ಟ್ರಾಗ ತಾಳಕ್ಕ ಬಂದುಬಿಡ್ರಿ ಟೀಚರ. ಇಲ್ಲಾಂದ್ರ ಮುಂದ ಕುಂತು ಚಪ್ಪಾಳಿ ತಟ್ಟೀರಂತ” ಎಂದಳು. ತಮಾಷೆಯ ದನಿಯೇ. ಆದರೂ ಅರ್ಧ ತಿಂದ ಮಿರ್ಚಿಯನ್ನು ಸೆರಗಿನ ಮಂಡಕ್ಕಿಯೊಳಗೆ ಇಟ್ಟುಬಿಟ್ಟೆ. ಮುಂದೆ ಕುಳಿತು ಚಪ್ಪಾಳೆ ತಟ್ಟುವುದೆಂದರೆ ಗುರುವಾರವೂ ಕೈಬಿಟ್ಟಂತೆ. ಇವರಿಗೆ ಅದು ಹಾಡು. ನನಗೆ ವಾರದಲ್ಲಿ ನಾಲ್ಕು ಜನರ ಮೊಣಕೈ ತಗಲುವ ಜಾಗ ಅದೊಂದೇ ಎಂದು ಬಸ್ಸಿನಲ್ಲಿ ಹೇಗೆ ಹೇಳಲಿ? ಕಿಟಕಿಯ ಕಡೆ ಮುಖ ಮಾಡಿ ಖಾರ ಎಂದು ಕಣ್ಣೊರೆಸಿಕೊಂಡೆ.

ಸರಿ, ಕಲಿತೆ. ಮನೆಯಲ್ಲಿ ತೊಡೆ ತಟ್ಟಿಕೊಂಡು ಕಲಿತೆ. ಹಾಡುವುದನ್ನು ಕಲಿಯುವುದು ಕಷ್ಟವಲ್ಲ, ಬಾಯಿ ಮುಚ್ಚುವುದನ್ನು ಕಲಿಯುವುದು ಕಷ್ಟ. ಅದರಲ್ಲೂ ಶಿಕ್ಷಕಿಯರಿಗೆ. ಒಬ್ಬಳೇ ಹಾಡುವಾಗ ಇನ್ನೊಂದು ಚೋದ್ಯ ತಿಳಿಯಿತು: ಯಾರ ಹಿಂದೆಯೂ ಉಳಿಯುವ ಪ್ರಶ್ನೆಯೇ ಇಲ್ಲ. ಖಾಲಿ ಮನೆಯಲ್ಲಿ ನನ್ನ ಲಯ ಯಾವಾಗಲೂ ಸರಿಯಾಗಿರುತ್ತದೆ, ಮೆಚ್ಚಲು ಮಾತ್ರ ಯಾರೂ ಇರುವುದಿಲ್ಲ.

ಮುಂದಿನ ಗುರುವಾರ ಕೊನೆಯ ಪದಕ್ಕೆ ಬಂದೆವು. ಮೊದಲ ಸಾಲನ್ನು ಎಲ್ಲರ ಜೊತೆಗೇ ಮುಗಿಸಿದೆ, ಎರಡನೆಯದನ್ನೂ ಮೂರನೆಯದನ್ನೂ ಮುಗಿಸಿದೆ. ನಾಲ್ಕನೆಯದನ್ನು ಮುಗಿಸಿದಾಗ ಪಡಸಾಲೆ ಒಮ್ಮೆಲೇ ನಿಶ್ಶಬ್ದವಾಯಿತು. ನಡೆ ತಪ್ಪಲಿಲ್ಲ, ಯಾರ ದನಿಯೂ ಹಿಂದೆ ಉಳಿಯಲಿಲ್ಲ. ಗಿರಿಜಕ್ಕ ಮೆಚ್ಚಿ ತಲೆದೂಗುತ್ತ ಪೇಟಿಯ ತಿದಿ ಮುಚ್ಚತೊಡಗಿದಳು. ಆಗ ಕೊಟ್ರಮ್ಮ ನನ್ನ ಮೊಣಕಾಲು ತಟ್ಟಿ ಕೇಳಿದಳು:

“ಯಾಕ್ರಿ ಟೀಚರ, ಇವತ್ತು ಲಗೂನ ಮನಿಗೆ ಹೋಗಬೇಕೇನ್ರಿ?”

ಕೇಳಿದ್ದು ಚೇಷ್ಟೆಗೇ. ನಾನೂ ಚೇಷ್ಟೆಯಾಗಿಯೇ ಏನಾದರೂ ಹೇಳಿ ಎದ್ದು ಬರಬಹುದಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. “ಇಲ್ಲವ್ವ ಕೊಟ್ರಮ್ಮ. ಮನ್ಯಾಗ ಯಾರದಾರ? ಹೋಗಾಕ ಮನಸಿಲ್ಲ.”

ಇಷ್ಟು ವರ್ಷ ಎಳೆದೆಳೆದು ಹಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದೆ. ಕೊಟ್ರಮ್ಮ ನನ್ನ ಮೊಣಕಾಲಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಎದ್ದು ನಿಂತಿದ್ದ ಇಬ್ಬರು ಮತ್ತೆ ಚಾಪೆಯ ಮೇಲೆ ಕುಳಿತರು. ಗಿರಿಜಕ್ಕ ಮುಚ್ಚಿದ ತಿದಿಯನ್ನು ತಿರುಗಿ ಬಿಚ್ಚುತ್ತ, ಯಾರ ಮುಖವನ್ನೂ ನೋಡದೆ, “ರೊಟ್ಟಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಇನ್ನೊಮ್ಮಿ ಹೇಳೂನು” ಎಂದಳು.

ಇನ್ನೊಮ್ಮೆ ಹಾಡಿದೆವು, ನಡೆ ತಪ್ಪದೆ. ಹಾಡನ್ನು ಎಳೆಯುವುದಕ್ಕಿಂತ ಇನ್ನೊಮ್ಮೆ ಎಂದು ಕೇಳುವುದು ಸುಲಭ ಎಂಬುದು ಗಣಿತದ ಟೀಚರಿಗೆ ಇಷ್ಟು ತಡವಾಗಿ ಹೊಳೆಯಿತು ನೋಡಿ. ಈಗ ಪ್ರತಿ ಗುರುವಾರ ಆ ಪದ ಎರಡು ಸಲ ಆಗುತ್ತದೆ. ಕಾರಣವನ್ನು ಯಾರೂ ಎತ್ತುವುದಿಲ್ಲ. ಎರಡನೆಯ ಸಲವೂ ಮುಗಿಯುತ್ತದೆ, ಎಲ್ಲರೂ ಏಳುತ್ತಾರೆ, ನಾನೂ ಚಪ್ಪಲಿ ಹುಡುಕುತ್ತೇನೆ. ಮೂರನೆಯ ಸಲ ಕೇಳುವ ಧೈರ್ಯ ಇನ್ನೂ ಬಂದಿಲ್ಲ.