ನಮ್ಮ ತಂಡವನ್ನು ನೋಡಲು ಬಂದವರು

ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ವರ್ಷಗಳವು. ಅಂಥದೊಂದರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿತ್ತು. ರಾಮನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಲಿನಕ್ಸ್ ಜೊತೆ ಬರುತ್ತಿದ್ದ ಕೆಲವು ಸಾಫ್ಟ್‌ವೇರ್‌ಗಳು ತೀರ ಹಳೆಯವು. ಅವುಗಳ ಹೊಸ ಆವೃತ್ತಿಗಳನ್ನು ಮನೆಯಲ್ಲಿ ಸಿದ್ಧಮಾಡಿ, ಬಾಡಿಗೆಯ ಜಾಲತಾಣವೊಂದರಲ್ಲಿ ಇಡತೊಡಗಿದೆ. ಇಂಥ ಉಗ್ರಾಣಕ್ಕೆ ರೆಪಾಸಿಟರಿ ಎನ್ನುತ್ತಾರೆ. ಅದರ ವಿಳಾಸವನ್ನು ಒಮ್ಮೆ ಸರ್ವರ್‌ಗೆ ಸೇರಿಸಿದರೆ, ಆಮೇಲೆ ಅಪ್‌ಡೇಟ್ ಮಾಡಿದಾಗಲೆಲ್ಲ ಅಲ್ಲಿಟ್ಟದ್ದು ಬಂದು ಕೂರುತ್ತದೆ. ನನ್ನದನ್ನು ಯಾರ್ಯಾರೋ ಬಳಸತೊಡಗಿದರು. ಹುಡುಗಿಯೊಬ್ಬಳು ಮನೆಯಲ್ಲಿ ಕೂತು ಮಾಡುತ್ತಾಳೆಂದರೆ ಯಾರು ನಂಬುತ್ತಾರೆ ಎನಿಸಿ, ‘ನಮ್ಮ ತಂಡ ಪ್ರತಿಯೊಂದನ್ನೂ ಪರೀಕ್ಷಿಸುತ್ತದೆ’ ಎಂದು ಅದರ ಪುಟದಲ್ಲಿ ಬರೆದು, ಕೆಳಗೆ ಫೋನ್ ನಂಬರ್ ಕೊಟ್ಟಿದ್ದೆ.

ಒಂದು ರಜೆಯ ದಿನ ಫೋನ್ ಬಂತು. ನನ್ನ ರೆಪಾಸಿಟರಿಯನ್ನು ಬಳಸುತ್ತಿದ್ದ, ಕನಕಪುರದ ಕಡೆಯ ಕಾಲೇಜೊಂದರ ಸರ್ವರ್ ನೋಡಿಕೊಳ್ಳುವವರು. ಅಣ್ಣನ ಜೊತೆ ರೇಷ್ಮೆಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಬಂದಿದ್ದರಂತೆ.

“ಹರಾಜು ಮುಗೀತು. ನಿಮ್ ಆಫೀಸು ಎಲ್ಲೈತೆ ಹೇಳಿ, ಒಸಿ ಬಂದು ಹೋಯ್ತೀನಿ.”

ಆಫೀಸು ಎಂದರೆ ಅಪ್ಪ ರೇಷ್ಮೆ ನೂಲು ತೆಗೆಸುವ ಶೆಡ್ಡಿನ ಪಕ್ಕದ ಕೋಣೆ. ಬೇಯುವ ಗೂಡಿನ ವಾಸನೆ ಅಲ್ಲಿಗೂ ಬರುತ್ತಿತ್ತು. ಹಗ್ಗದ ಮೇಲಿದ್ದ ಬಟ್ಟೆ ತೆಗೆದೆ. ಹಜಾರದಿಂದ ಎರಡು ಕುರ್ಚಿ ತಂದು ನನ್ನ ಮೇಜಿನ ಆಚೀಚೆ ಇಟ್ಟೆ, ಯಾರೋ ಈಗಷ್ಟೇ ಎದ್ದು ಹೋದ ಹಾಗೆ.

ಬಂದವರಿಗೆ ನಲವತ್ತು ದಾಟಿತ್ತು. ಅಂಗಿಯ ತೋಳಿಗೆ ರೇಷ್ಮೆಯ ಎಳೆ ಅಂಟಿತ್ತು. ಅಪ್ಪ ಕೈ ಒರೆಸಿಕೊಂಡು ಬಂದು ಕೂತರು. ಊರು, ಹೊಲ, ಗೂಡಿನ ರೇಟು ಎಲ್ಲ ಮಾತಾದ ಮೇಲೆ ಅವರು ನನ್ನ ಕಡೆ ತಿರುಗಿದರು.

“ಮಿಕ್ಕೋರಿಗೆ ಇವತ್ತು ರಜಾನಾ?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, “ಯಾವ ಮಿಕ್ಕೋರು ಸ್ವಾಮಿ? ಎಲ್ಲಾ ಇವ್ಳೊಬ್ಳೇ ಮಾಡಾದು,” ಎಂದು ಹೆಮ್ಮೆಯಿಂದ ಹೇಳಿದರು. “ಈ ಕುರ್ಚಿನೂ ನೀವ್ ಬತ್ತೀರಿ ಅಂತ ಈಗ್ ತಂದು ಹಾಕವ್ಳೆ.”

ನೆಲ ಬಾಯಿ ಬಿಡಬಾರದೇ ಎನಿಸಿತು. ಬಂದವರು ನಗಲಿಲ್ಲ.

“ಒಬ್ರೇ ಮಾಡಾದು ತಪ್ಪಲ್ಲ ಕಣಮ್ಮ. ನೀವು ಜ್ವರ ಬಂದು ಮಲಗಿದ್ದಾಗ, ನೀವಿಟ್ಟ ಸಾಫ್ಟ್‌ವೇರಾಗೆ ಕಳ್ಳರು ನುಗ್ಗೋ ತೂತು ಐತೆ ಅಂತ ಗೊತ್ತಾದ್ರೆ ಸರಿ ಮಾಡೋರು ಯಾರು?”

“ಯಾರೂ ಇಲ್ಲ ಸರ್.”

“ನೀವೇ ಮಾಡಿದ್ದು ಅನ್ನಾಕೆ ಡಿಜಿಟಲ್ ಸಹಿ ಹಾಕ್ತೀರಲ್ಲ, ಆ ಕೀ ಎಲ್ಲಿಟ್ಟಿದ್ದೀರಿ?”

“ಇದೇ ಕಂಪ್ಯೂಟರಲ್ಲಿ.” ಆ ಕಂಪ್ಯೂಟರನ್ನು ಮನೆಗೆ ಬಂದ ನೆಂಟರೆಲ್ಲ ಬಳಸುತ್ತಿದ್ದರು. ಅದನ್ನೂ ಹೇಳಿದೆ.

“ಹಂಗಾರೆ ನಿಮ್ ಸಹಿ ಯಾರ್ ಬೇಕಾದ್ರೂ ಹಾಕ್ಬೋದು. ಬಂದ್ ಹೋಗೋರ್ನೆಲ್ಲ ನಾನು ನಂಬಬೇಕಾಯ್ತದೆ,” ಎಂದರು ಮೆಲ್ಲಗೆ.

ಅಮ್ಮ ಕೊಟ್ಟ ಉಪ್ಪಿಟ್ಟು ತಿಂದು ಎದ್ದರು. “ನಿಮ್ ಕೆಲ್ಸ ಚೆನ್ನಾಗೈತೆ. ಕಾಲೇಜಿನ ಸರ್ವರ್‌ನಿಂದ ಮಾತ್ರ ಅದನ್ನ ತೆಗೀತೀನಿ, ಬೇಜಾರ್ ಮಾಡ್ಕೋಬ್ಯಾಡಿ. ಮಕ್ಕಳ ಮಾರ್ಕ್ಸೆಲ್ಲ ಅದ್ರಾಗೈತೆ.”

ಅವರು ಬೀದಿ ತಿರುಗಿದ ಮೇಲೆ ಅಪ್ಪ, “ಒಳ್ಳೆ ಮನ್ಸ ಕಣವ್ವ. ಏನಾರ ಕೆಲ್ಸ ಕೊಡ್ತಾರಂತಾ?” ಎಂದು ಕೇಳಿದರು. ನೋಡೋಣಪ್ಪ ಎಂದೆ. ಅಪ್ಪನ ಮುಖ ನೋಡಲಾಗಲಿಲ್ಲ.

ಅಂದೇ ಪುಟದಲ್ಲಿ ‘ನಮ್ಮ ತಂಡ’ ತೆಗೆದು, ನಾನೊಬ್ಬಳೇ ಮಾಡುವುದೆಂದು ಬರೆದೆ. ಮಾರನೆಯ ದಿನ ಕಾರ್ಖಾನೆಗೆ ಹೋಗಿ ಸರ್ವರ್ ತೆರೆದಾಗ ಇನ್ನಷ್ಟು ಕುಗ್ಗಿದೆ. ಬೇರೆಯವರ ರೆಪಾಸಿಟರಿಗಳನ್ನು ನಾನೂ ಅದಕ್ಕೆ ಸೇರಿಸಿದ್ದೆ. ಯಾರು ನಡೆಸುತ್ತಾರೆ, ಎಲ್ಲಿಯವರು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಪುಟ ಅಚ್ಚುಕಟ್ಟಾಗಿದ್ದರೆ ನನಗೆ ಸಾಕಾಗಿತ್ತು. ಅವರಿಗೆಲ್ಲ ಇಮೇಲ್ ಬರೆದು, ನನ್ನನ್ನು ಕೇಳಿದ್ದನ್ನೇ ಕೇಳಿದೆ. ಒಬ್ಬರು ಮಾತ್ರ ಉತ್ತರಿಸಿದರು. ತಾವೂ ಒಬ್ಬರೇ, ಕಾಲೇಜಿನ ಪರೀಕ್ಷೆಗಳಿರುವುದರಿಂದ ಕೆಲವು ವಾರ ಏನನ್ನೂ ಸರಿಪಡಿಸಲಾಗದು, ಕ್ಷಮಿಸಿ ಎಂದಿದ್ದರು. ಉಳಿದವರದನ್ನೆಲ್ಲ ತೆಗೆದುಹಾಕಿದೆ. ಉತ್ತರಿಸಿದವರದನ್ನು ಪರೀಕ್ಷೆ ಮುಗಿಯುವವರೆಗೆ ನಿಲ್ಲಿಸಿಟ್ಟು, ಹಾಗೆಂದು ಅವರಿಗೆ ಬರೆದೆ.